ಹಟ್ಟಿಯ ಕತೆ ಮಗುವಿನ ಮೊದಲ ಪುಸ್ತಕವಾಗಲಿ: ಕೇಳಿ, ಬರೆದು, ಹೊಲಿದು, ಓದಿಸುವ ಬಗೆ

ತುಮಕೂರು ಜಿಲ್ಲೆಯ ಸಿರಾ, ಪಾವಗಡ, ಚಿಕ್ಕನಾಯಕನಹಳ್ಳಿ ಕಡೆ ಡಾಂಬರು ರಸ್ತೆ ಬಿಟ್ಟು ಒಳಗೆ ಹೋದರೆ ಕಾಡುಗೊಲ್ಲರ ಹಟ್ಟಿಗಳು, ನಾಯಕರ ಹಟ್ಟಿಗಳು, ಲಂಬಾಣಿ ತಾಂಡಾಗಳು ಸಿಗುತ್ತವೆ. ಒಂದು ಅಂಗನವಾಡಿ, ಒಂದು ಕಿರಿಯ ಪ್ರಾಥಮಿಕ ಶಾಲೆ, ಒಬ್ಬರೋ ಇಬ್ಬರೋ ಮೇಷ್ಟ್ರು. ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಅಚ್ಚಾದ ಹಾಳೆ ಅಂದರೆ ಗೋಡೆಯ ಕ್ಯಾಲೆಂಡರ್, ಪಡಿತರ ಚೀಟಿ ಅಷ್ಟೇ. ಆದರೆ ಅದೇ ಮನೆಯ ಜಗಲಿಯ ಮೇಲೆ ಕೂತ ಅಜ್ಜಿಯ ಹತ್ತಿರ ಕತೆ, ಒಗಟು, ಹಾಡು ಬೇಕಾದಷ್ಟಿವೆ.

ಈ ಲೇಖನ ಅಂಥ ಊರುಗಳಲ್ಲಿ ಮಕ್ಕಳಿಗೆ ಓದು ಕಲಿಸಲು ಹೊರಟವರಿಗೆ. ನೀವು ಶಾಲೆಯ ಶಿಕ್ಷಕರಿರಬಹುದು, ಅಂಗನವಾಡಿ ಕಾರ್ಯಕರ್ತೆ ಇರಬಹುದು, ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವವರಿರಬಹುದು, ರಜೆಯಲ್ಲಿ ಊರಿಗೆ ಬಂದ ಕಾಲೇಜು ಹುಡುಗಿಯೂ ಇರಬಹುದು. ನಾನು ಹೇಳುವುದು ಒಂದೇ ವಿಷಯ. ಮಗು ತಾನಾಗಿ ಓದುವ ಮೊದಲ ಪುಸ್ತಕದ ಕತೆ ಅದಕ್ಕೆ ಆಗಲೇ ಗೊತ್ತಿರಬೇಕು, ಮತ್ತು ಮನೆಯಲ್ಲಿ ಕೇಳಿದ ಮಾತಿನಲ್ಲೇ ಇರಬೇಕು. ಆಗ ಮಗುವಿನ ಮುಂದೆ ಉಳಿಯುವುದು ಅಕ್ಷರದ ಕೆಲಸ ಒಂದೇ. ಇಲ್ಲದಿದ್ದರೆ ಹೊಸ ಅಕ್ಷರ, ಹೊಸ ಪದ, ಹೊಸ ಕತೆ ಮೂರೂ ಒಟ್ಟಿಗೆ ಬಂದು ಆರು ವರ್ಷದ ಮಗುವಿನ ತಲೆ ಮೇಲೆ ಕೂರುತ್ತವೆ.

ಮನೆಯಲ್ಲಿ ಯಾವ ಮಾತು, ಮೊದಲು ತಿಳಿಯಿರಿ

ಸರ್ಕಾರಿ ಶಾಲೆ ಅಂದರೆ ಕನ್ನಡ, ಮಕ್ಕಳಿಗೆ ಕನ್ನಡ ಬಂದೇ ಬರುತ್ತೆ ಅಂದುಕೊಳ್ಳುವುದು ನಮ್ಮ ಕಡೆ ಸಾಮಾನ್ಯ. ಅದು ಅರ್ಧ ನಿಜ ಅಷ್ಟೇ. ಪಾವಗಡಕ್ಕೆ ಮೂರು ದಿಕ್ಕಿನಲ್ಲೂ ಆಂಧ್ರ. ಅಲ್ಲಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ ಕಡೆಯೂ ಹಾಗೇ. ತಾಂಡಾದ ಮಕ್ಕಳು ಮನೆಯಲ್ಲಿ ಆಡುವುದು ಗೋರ್ ಬೋಲಿ, ಅಂದರೆ ಲಂಬಾಣಿ ಮಾತು. ಅದಕ್ಕೂ ಕನ್ನಡಕ್ಕೂ ನೆಂಟಸ್ತನವೇ ಇಲ್ಲ. ಗೊಲ್ಲರಹಟ್ಟಿಯ ಮಕ್ಕಳದ್ದು ಕನ್ನಡವೇ, ಆದರೆ ಪಠ್ಯಪುಸ್ತಕದ ಕನ್ನಡ ಅಲ್ಲ. ‘ಊರಿನಲ್ಲಿ ಇದೆ’ ಅಂತ ಪುಸ್ತಕ ಹೇಳಿದರೆ ಅವರು ‘ಊರ್ನಾಗೈತೆ’ ಅನ್ನುತ್ತಾರೆ.

ಇದನ್ನು ತಿಳಿಯಲು ಫಾರಂ ತುಂಬಿಸಬೇಕಿಲ್ಲ. ಸಂಜೆ ಹೊತ್ತು ಮಕ್ಕಳು ಆಡುವ ಕಡೆ ಸುಮ್ನೆ ಅರ್ಧ ಗಂಟೆ ಕೂತುಕೊಳ್ಳಿ. ಆಟದಲ್ಲಿ ಜಗಳ ಬಂದಾಗ ಯಾವ ಮಾತಿನಲ್ಲಿ ಬೈದಾಡುತ್ತಾರೋ ಅದೇ ಅವರ ಮನೆಮಾತು. ಒಂದೇ ತರಗತಿಯಲ್ಲಿ ಎರಡು ಮೂರು ಮನೆಮಾತು ಇರುವುದೂ ಉಂಟು. ಆಗ ಯಾವ ಮಾತಿನ ಮಕ್ಕಳು ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಒಬ್ಬಳೇ ಒಬ್ಬಳು ತಾಂಡಾ ಹುಡುಗಿ ಇದ್ದರೂ ಅವಳ ಮಾತಿನಲ್ಲಿ ಒಂದಾದರೂ ಪುಸ್ತಕ ಬರಬೇಕು.

‘ಮನೆಮಾತು ಶಾಲೆಗೆ ತಂದರೆ ಕನ್ನಡ ಹಾಳಾಗುತ್ತೆ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರ ಜೊತೆ ವಾದಕ್ಕೆ ಇಳಿಯಬೇಡಿ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಅನುಕೂಲ ಸಿಗಬೇಕು ಅಂತ 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಒಡಿಶಾ ಸರ್ಕಾರ ಈ ಶತಮಾನದ ಮೊದಲ ದಶಕದಲ್ಲೇ ಹತ್ತು ಬುಡಕಟ್ಟು ಭಾಷೆಗಳಲ್ಲಿ ಪಾಠ ಶುರು ಮಾಡಿತು. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿ ಮಕ್ಕಳಿಗೆ ಪುಸ್ತಕ ತಲುಪಿಸುವ, ಅವರ ಮಾತುಗಳಲ್ಲೇ ಪುಸ್ತಕ ತರುವ ಇಂಡಿಜಿನಸ್ ಲಿಟರಸಿ ಫೌಂಡೇಶನ್‌ಗೆ 2024ರಲ್ಲಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಸ್ಮಾರಕ ಪ್ರಶಸ್ತಿ ಬಂತು. ಮಕ್ಕಳ ಸಾಹಿತ್ಯಕ್ಕೆ ಕೊಡುವ ಜಗತ್ತಿನ ದೊಡ್ಡ ಪ್ರಶಸ್ತಿಗಳಲ್ಲಿ ಅದೊಂದು. ಬೇರೆ ಬೇರೆ ನಾಡುಗಳಲ್ಲಿ ಜನ ನಂಬಿ ಮಾಡುತ್ತಿರುವ ಕೆಲಸ ಇದು ಅಂತ ತಿಳಿಸಿ, ನಿಮ್ಮ ಕೆಲಸ ಮುಂದುವರಿಸಿ.

ಕೇಳಿ ಒಳಗೆ ಹೋಗಿ

ಇದು ಚಿಕ್ಕ ಹೆಜ್ಜೆ, ಆದರೆ ಬಿಡುವಂತಿಲ್ಲ. ಶಾಲೆಯಲ್ಲಿ ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಗೆ ಹೇಳಿ. ಗೊಲ್ಲರಹಟ್ಟಿಯಾದರೆ ಗೌಡರು, ಪೂಜಾರಪ್ಪ. ತಾಂಡಾದಲ್ಲಿ ನಾಯಕ್. ‘ನಿಮ್ಮ ಮಕ್ಕಳಿಗೆ ನಿಮ್ಮ ಅಜ್ಜಿ ಹೇಳೋ ಕತೇನೇ ಪುಸ್ತಕ ಮಾಡಿ ಓದಿಸ್ತೀವಿ’ ಅಂದರೆ ಸಾಕು. ಯೋಜನೆ, ಸರ್ವೆ ಅನ್ನುವ ಪದ ಬಳಸಬೇಡಿ. ಆ ಪದ ಕೇಳಿದ ಕೂಡಲೇ ಏನೋ ಸವಲತ್ತು ಬರುತ್ತೆ ಅನ್ನುವ ಆಸೆ ಹುಟ್ಟುತ್ತದೆ. ಅದು ಬರದಿದ್ದಾಗ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.

ಗೊಲ್ಲರಹಟ್ಟಿಗಳಲ್ಲಿ ಮುಳ್ಳುಬೇಲಿಯ ಒಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ ಅನ್ನುವಂಥ ಕಟ್ಟುಪಾಡು ಇರಬಹುದು. ಒಂದು ಹಟ್ಟಿಯಲ್ಲಿ ಇದ್ದದ್ದು ಇನ್ನೊಂದರಲ್ಲಿ ಇರುವುದಿಲ್ಲ. ಆದ್ದರಿಂದ ಮೊದಲ ದಿನ ಹಟ್ಟಿಯವರೊಬ್ಬರ ಜೊತೆಯಲ್ಲೇ ಹೋಗಿ.

ಕತೆ ಕೇಳುವ ಹೊತ್ತು, ಕತೆ ಕೇಳುವ ಕ್ರಮ

ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಅಜ್ಜಿಯನ್ನು ಶಾಲೆಗೆ ಕರೆಸಿ, ಕುರ್ಚಿಯಲ್ಲಿ ಕೂರಿಸಿ, ಮುಂದೆ ಮೊಬೈಲ್ ಇಟ್ಟು ‘ಒಂದು ಕತೆ ಹೇಳಿ’ ಅಂದರೆ ಕತೆ ಬರುವುದಿಲ್ಲ. ‘ನಂಗ್ಯಾವ ಕತೆ ಬರ್ತೈತಪ್ಪಾ’ ಅಂತಾರೆ. ಕತೆ ಬರುವುದು ಕೈಗೆ ಕೆಲಸ ಇದ್ದಾಗ. ನಮ್ಮ ಕಡೆ ಅದಕ್ಕೆ ಒಳ್ಳೆಯ ಕಾಲ ಎರಡು. ಬೇಸಿಗೆಯಲ್ಲಿ ಹುಣಸೇಹಣ್ಣು ಕುಟ್ಟಿ ಬೀಜ ಬಿಡಿಸುವಾಗ, ಮುಂಗಾರಿಗೆ ಮುಂಚೆ ಬಿತ್ತನೆಗೆ ಕಡಲೆಕಾಯಿ ಸುಲಿಯುವಾಗ. ನಾಲ್ಕೈದು ಹೆಂಗಸರು ಸುತ್ತ ಕೂತಿರುತ್ತಾರೆ, ಮಕ್ಕಳೂ ಅಲ್ಲೇ ಇರುತ್ತವೆ. ನೀವೂ ಒಂದು ಮೊರ ಹಿಡಿದು ಕೂತು ಕಾಯಿ ಸುಲಿಯಿರಿ. ಮಾತು ತಾನಾಗಿ ಬರುತ್ತದೆ. ಕುರಿ ಕಾಯುವ ತಾತಂದಿರಾದರೆ ಕುರಿ ರೊಪ್ಪಕ್ಕೆ ಬಂದ ಮೇಲೆ, ಊಟಕ್ಕೆ ಮುಂಚಿನ ಹೊತ್ತು ಒಳ್ಳೆಯದು.

ಕತೆಗಿಂತ ಮೊದಲು ಒಗಟು ಕೇಳಿ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲೈತೆ, ಏನು?’ ಅಂತ ನೀವೇ ಒಂದು ಬಿಡಿ. ಮಲ್ಲಿಗೆ ಅಂತ ಉತ್ತರ ಬರುವುದರ ಜೊತೆಗೆ ಅವರ ಹತ್ತು ಒಗಟೂ ಬರುತ್ತವೆ. ಒಗಟಿನ ಹಿಂದೆಯೇ ಕತೆ ಬರುತ್ತದೆ.

ಕತೆ ಶುರುವಾದ ಮೇಲೆ ಹೂಂಗುಟ್ಟುವವರು ಬೇಕು. ಇದನ್ನು ಮರೆಯಲೇಬೇಡಿ. ನಮ್ಮ ಕತೆಗಾರರು ಮೌನವಾಗಿ ಕೂತವರಿಗೆ ಕತೆ ಹೇಳುವವರಲ್ಲ. ಪ್ರತಿ ಮಾತಿಗೂ ಎದುರಿನವರು ‘ಹೂಂ’ ಅನ್ನಬೇಕು. ‘ಹೂಂ’ ನಿಂತರೆ ಕೇಳುವವರಿಗೆ ನಿದ್ದೆ ಬಂತು ಅಂತ ಕತೆಯೂ ನಿಲ್ಲುತ್ತದೆ. ರೆಕಾರ್ಡಿಂಗ್ ಸ್ವಚ್ಛ ಬರಲಿ ಅಂತ ಎಲ್ಲರನ್ನೂ ಸುಮ್ಮನಿರಿಸಿದರೆ ಹತ್ತು ನಿಮಿಷದ ಕತೆ ಎರಡು ನಿಮಿಷಕ್ಕೆ ಮುಗಿದುಹೋಗುತ್ತದೆ. ಹೂಂಗುಟ್ಟುವ ಕೆಲಸವನ್ನು ಒಂದು ಮಗುವಿಗೇ ಕೊಡಿ. ರೆಕಾರ್ಡಿಂಗ್‌ನಲ್ಲಿ ಮಗುವಿನ ದನಿ ಬಂದರೆ ಏನೂ ಕೆಡುವುದಿಲ್ಲ. ಎಲ್ಲಿ ಆ ‘ಹೂಂ’ ಜೋರಾಗುತ್ತದೋ ಅಲ್ಲೇ ಕತೆಯ ಕೊಂಡಿ ಇದೆ ಅಂತ ಆಮೇಲೆ ನಿಮಗೆ ಗೊತ್ತಾಗುತ್ತದೆ.

ರೆಕಾರ್ಡ್ ಮಾಡಲು ಮೊಬೈಲ್ ಸಾಕು. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ನೆಲದ ಮೇಲೆ ಹಾಗೇ ಇಡದೆ ಮಡಿಸಿದ ಟವಲ್ ಮೇಲೆ ಇಡಿ. ಇಲ್ಲದಿದ್ದರೆ ಹುಣಸೆ ಕುಟ್ಟುವ ಸದ್ದೆಲ್ಲ ನೆಲದಿಂದ ನೇರ ಒಳಗೆ ಹೋಗುತ್ತದೆ. ಕತೆ ಹೇಳುವವರಿಂದ ಒಂದು ಮೊಳ ದೂರದಲ್ಲಿರಲಿ. ಬಯಲಿನಲ್ಲಿ ಗಾಳಿ ಜಾಸ್ತಿ ಇದ್ದರೆ ಗೋಡೆಯ ಮರೆಗೆ ಹೋಗಿ. ಮುಗಿದ ಕೂಡಲೇ ‘ರೆಕಾರ್ಡ್ ಆಗಿದೆ, ಕೇಳ್ತೀರಾ?’ ಅಂತ ಅವರಿಗೇ ಕೇಳಿಸಿ. ಆಮೇಲೆ ‘ಇದನ್ನ ಪುಸ್ತಕ ಮಾಡ್ಲಾ ಅಜ್ಜಿ?’ ಅಂತ ಕೇಳಿ. ತಮ್ಮ ದನಿ ಕೇಳಿಸಿಕೊಂಡ ಮೇಲೆ ಹೇಳುವ ಒಪ್ಪಿಗೆ ನಿಜವಾದ ಒಪ್ಪಿಗೆ.

ಎಲ್ಲ ಕತೆಯೂ ಪುಸ್ತಕಕ್ಕಲ್ಲ. ಕಾಡುಗೊಲ್ಲರಿಗೆ ಜುಂಜಪ್ಪ ದೇವರು. ಸಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆಗೆ ಈಗಲೂ ಜನ ಹರಕೆ ಹೊತ್ತು ಹೋಗುತ್ತಾರೆ. ಆ ಕತೆಯನ್ನು ಗಣೆ (ಉದ್ದನೆಯ ಬಿದಿರ ಕೊಳಲು) ಊದುತ್ತಾ ಹಾಡುವುದಕ್ಕೆ ಅದರದೇ ಹೊತ್ತು, ಮಡಿ, ಹಾಡುವವರು ಇದ್ದಾರೆ. ಅದನ್ನು ಹದಿನಾರು ಪುಟಕ್ಕೆ ಕತ್ತರಿಸಿ ಒಂದನೇ ತರಗತಿಗೆ ಕೊಡುವುದು ಸರಿಯಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ದೇವರ ಕತೆ ಮಕ್ಕಳು ಕೇಳಬೇಕೆಂದರೆ ಗಣೆ ಬಲ್ಲ ಹಿರಿಯರನ್ನೇ ಕೇಳಿಕೊಂಡು, ಅವರು ಹೇಳಿದ ಜಾಗದಲ್ಲಿ, ಅವರು ಹೇಳಿದ ಹೊತ್ತಿನಲ್ಲಿ ಕೇಳಿಸಿ. ಪುಸ್ತಕಕ್ಕೆ ಪ್ರಾಣಿಗಳ ಕತೆ, ಪೆದ್ದನ ಕತೆ, ಅತ್ತೆ ಸೊಸೆ ಕತೆ, ಕಾಗಕ್ಕ ಗುಬ್ಬಕ್ಕನ ಕತೆ ತೆಗೆದುಕೊಳ್ಳಿ. ಅವು ಎಷ್ಟು ಬೇಕಾದರೂ ಇವೆ. ಚಳ್ಳಕೆರೆ ಕಡೆಯ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಶಾಲೆಯ ಮೆಟ್ಟಿಲು ಹತ್ತದೆ ಸಾವಿರಾರು ಜನಪದ ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡು ಹಾಡಿದವರು. ಅಷ್ಟಲ್ಲದಿದ್ದರೂ ನಿಮ್ಮ ಹಟ್ಟಿಯಲ್ಲಿ ಹತ್ತು ಕತೆ ಬಲ್ಲ ಅಜ್ಜಿ ಖಂಡಿತ ಇರುತ್ತಾರೆ.

ಬಾಯಿಂದ ಹಾಳೆಗೆ

ಮೊದಲು ಕೇಳಿದ್ದನ್ನು ಕೇಳಿದ ಹಾಗೇ ಬರೆಯಿರಿ. ತಿದ್ದಬೇಡಿ. ತಿದ್ದುವ ಚಟ ಶಿಕ್ಷಕರಲ್ಲಿ ಸ್ವಲ್ಪ ಜಾಸ್ತಿ, ಅಲ್ವಾ? ಈ ಒಂದು ಕೆಲಸದಲ್ಲಿ ಅದನ್ನು ಬದಿಗಿಡಬೇಕು.

ಒಂದು ಕತೆ ಹೀಗಿದೆ ಅಂತ ಇಟ್ಟುಕೊಳ್ಳೋಣ. ಒಬ್ಬ ಮುದುಕಿ, ಅವಳ ಕುರಿಮರಿ, ಒಂದು ತೋಳ. ಹೇಳುವವರ ಬಾಯಲ್ಲಿ ಅದು ಬರುವುದು ಹೀಗೆ:

‘ಒಂದೂರ್ನಾಗೆ ಒಬ್ಳು ಮುದುಕಿ ಇದ್ಲಂತೆ. ಮುದುಕಿತಾವ ಒಂದೇ ಒಂದು ಕುರಿಮರಿ ಇತ್ತಂತೆ. ಒಂದಿನ ರಾತ್ರಿ ತೋಳ ಬಂತಂತೆ. ಬಾಗ್ಲು ತೆಗಿ ಮುದುಕಿ, ನಾನು ಬಳೆಗಾರ ಅಂತಂತೆ. ಹೋಗೋ ಹೋಗೋ, ನಿನ್ನ ಹಲ್ಲು ಕಾಣ್ತಾ ಐತೆ ಅಂದ್ಲಂತೆ.’

ಎರಡನೇ ರಾತ್ರಿ ತೋಳ ನೆಂಟನ ವೇಷದಲ್ಲಿ ಬರುತ್ತದೆ, ಮೂರನೇ ರಾತ್ರಿ ದಾಸಯ್ಯನ ವೇಷದಲ್ಲಿ. ಮುದುಕಿಯ ಉತ್ತರ ಮಾತ್ರ ಅದೇ. ಮಕ್ಕಳ ಪುಸ್ತಕಕ್ಕೆ ಬೇಕಾದದ್ದೆಲ್ಲ ಇಲ್ಲಿದೆ. ಮೂರು ಸಲ ಬರುವ ಒಂದೇ ಸಾಲು ಓದು ಕಲಿಯುವ ಮಗುವಿಗೆ ಆಸರೆ. ಮೊದಲ ಸಲ ಕಷ್ಟಪಟ್ಟು ಓದುತ್ತದೆ. ಎರಡನೇ ಸಲ ಗುರುತು ಹಿಡಿಯುತ್ತದೆ. ಮೂರನೇ ಸಲ ಪುಟ ತಿರುಗಿಸುವ ಮೊದಲೇ ಕೂಗುತ್ತದೆ. ಹಾಗಾಗಿ ಕತೆ ಆರಿಸುವಾಗ ಇಂಥ ಮರುಕಳಿಸುವ ಸಾಲು ಇರುವ ಕತೆಗೇ ಮೊದಲ ಜಾಗ ಕೊಡಿ.

ಈಗ ಇದನ್ನು ಪುಟಗಳಿಗೆ ಹಂಚಿ. ಒಂದನೇ, ಎರಡನೇ ತರಗತಿಗೆ ಪುಟಕ್ಕೆ ಒಂದು ಅಥವಾ ಎರಡು ಸಾಲು. ಮೂರನೇ ತರಗತಿಗೆ ನಾಲ್ಕು ಸಾಲಿನವರೆಗೆ ಆಗುತ್ತದೆ. ಒಂದು ಸಾಲಿನಲ್ಲಿ ಒಂದೇ ಕೆಲಸ ನಡೆಯಲಿ. ‘ತೋಳ ಬಂತು’ ಒಂದು ಪುಟ. ‘ಬಾಗ್ಲು ತೆಗಿ ಮುದುಕಿ’ ಇನ್ನೊಂದು ಪುಟ. ಉದ್ದ ಕಡಿಮೆ ಮಾಡಬೇಕಾದರೆ ಘಟನೆ ಬಿಡಿ, ಮಾತಿನ ಧಾಟಿ ಮುಟ್ಟಬೇಡಿ. ‘ಇದ್ಲಂತೆ’, ‘ಅಂದ್ಲಂತೆ’ ಅನ್ನುವುದು ದೊಡ್ಡವರು ಗಟ್ಟಿಯಾಗಿ ಓದುವ ಪುಸ್ತಕದಲ್ಲಿ ಇರಲೇಬೇಕು. ಮಗು ತಾನೇ ಓದುವ ಚಿಕ್ಕ ಪುಸ್ತಕದಲ್ಲಿ ‘ಇದ್ಲು’, ‘ಅಂದ್ಲು’ ಅಂದರೆ ಪದದ ಉದ್ದ ಅಷ್ಟು ಇಳಿಯುತ್ತದೆ. ಅಷ್ಟು ಮಟ್ಟಿಗಿನ ಬದಲಾವಣೆಯನ್ನು ನಾನು ಒಪ್ಪುತ್ತೇನೆ. ‘ಊರ್ನಾಗೆ’ ಅನ್ನುವುದನ್ನು ‘ಊರಿನಲ್ಲಿ’ ಮಾಡುವುದನ್ನು ಮಾತ್ರ ಒಪ್ಪುವುದಿಲ್ಲ.

ತೆಲುಗು ಮನೆಮಾತಿನ ಮಕ್ಕಳಿಗೂ, ಲಂಬಾಣಿ ಮಕ್ಕಳಿಗೂ ಕನ್ನಡ ಲಿಪಿಯಲ್ಲೇ ಬರೆಯಿರಿ. ಶಾಲೆಯಲ್ಲಿ ಅವರು ಕಲಿಯುತ್ತಿರುವುದು ಈ ಲಿಪಿಯನ್ನೇ. ಒಂದೇ ಅಕ್ಷರಮಾಲೆ ಎರಡು ಮಾತಿಗೂ ಆಗುತ್ತದೆ. ಕನ್ನಡ ತೆಲುಗು ಲಿಪಿಗಳು ಒಂದೇ ಹಳೆಯ ಲಿಪಿಯಿಂದ ಕವಲೊಡೆದವು, ಹಾಗಾಗಿ ತೆಲುಗಿನ ದನಿಗಳು ಕನ್ನಡ ಅಕ್ಷರದಲ್ಲಿ ಸಲೀಸಾಗಿ ಕೂರುತ್ತವೆ. ಗೋರ್ ಬೋಲಿಗೆ ಬಳಕೆಯಲ್ಲಿ ತನ್ನದೇ ಲಿಪಿ ಇಲ್ಲ. ಕರ್ನಾಟಕದ ಲಂಬಾಣಿಗರು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ‘ಯಾಡಿ’, ‘ಪಾಣಿ’, ‘ಬಾಟಿ’ ಅನ್ನುವ ಪದಗಳನ್ನು ಕನ್ನಡ ಅಕ್ಷರದಲ್ಲಿ ಕಂಡಾಗ ತಾಂಡಾದ ಮಗು ಅಮ್ಮನನ್ನು, ನೀರನ್ನು, ರೊಟ್ಟಿಯನ್ನು ಮೊದಲ ಸಲ ಹಾಳೆಯ ಮೇಲೆ ನೋಡುತ್ತದೆ. ಮೂಗಿನಿಂದ ಬರುವ ದನಿಗೆ ಸೊನ್ನೆ ಬಳಸಿ. ಒಂದು ಪದವನ್ನು ಒಮ್ಮೆ ಹೇಗೆ ಬರೆದಿರೋ ಎಲ್ಲ ಪುಸ್ತಕದಲ್ಲೂ ಹಾಗೇ ಬರೆಯಬೇಕು. ಅದಕ್ಕೆ ನೋಟ್‌ಬುಕ್ಕಿನ ಕೊನೆಯಲ್ಲಿ ಪದಗಳ ಪಟ್ಟಿ ಇಟ್ಟುಕೊಳ್ಳಿ. ಹಾಗೆಯೇ ಆಂಧ್ರದ ಪಠ್ಯಪುಸ್ತಕದ ತೆಲುಗು ಬೇರೆ, ಪಾವಗಡದ ಮನೆಗಳ ತೆಲುಗು ಬೇರೆ. ಅದರಲ್ಲಿ ಕನ್ನಡ ಪದ ಬೆರೆತಿದ್ದರೆ ಬೆರೆತೇ ಇರಲಿ.

ಬರೆದಾದ ಮೇಲೆ ಕತೆ ಹೇಳಿದವರ ಮುಂದೆ ಕೂತು ಓದಿ ಹೇಳಿ. ‘ಹಂಗಲ್ಲ, ತೋಳ ಮೊದ್ಲು ಹಿತ್ಲಿಗೆ ಬಂತು’ ಅಂದರೆ ಅಲ್ಲೇ ತಿದ್ದಿಕೊಳ್ಳಿ. ಇದು ಅವರ ಕತೆ, ತಿದ್ದುವ ಹಕ್ಕು ಅವರದ್ದು.

ಚಿತ್ರ ಮಕ್ಕಳೇ ಬರೆಯಲಿ

ಪ್ರತಿ ಪುಟದ ಸಾಲನ್ನು ಒಂದೊಂದು ಮಗುವಿಗೆ ಓದಿ ಹೇಳಿ, ಚಿತ್ರ ಬರೆಯಲು ಬಿಡಿ. ಮುದುಕಿಯ ಮನೆ ಶೀಟಿನ ಮನೆಯಾದರೆ ಶೀಟಿನ ಮನೆಯೇ ಇರಲಿ. ಕುರಿಮರಿಗೆ ಬಣ್ಣದ ಉಣ್ಣೆ ಬೇಡ, ನಮ್ಮ ಕಡೆಯ ಕರಿ ಕುರಿಯೇ ಸಾಕು. ಪೆನ್ಸಿಲ್ ಗೆರೆ ಜೆರಾಕ್ಸ್‌ನಲ್ಲಿ ಮಾಸುತ್ತದೆ, ಆದ್ದರಿಂದ ಕೊನೆಗೆ ಕಪ್ಪು ಸ್ಕೆಚ್ ಪೆನ್ನಿನಿಂದ ಗೆರೆ ತಿದ್ದಿಸಿ.

ಪುಸ್ತಕ ಹೊಲಿಯುವುದು

ನಾಲ್ಕು ಎ4 ಹಾಳೆ ತೆಗೆದುಕೊಂಡು ಒಟ್ಟಿಗೆ ನಡುವಿಗೆ ಮಡಿಸಿದರೆ ಹದಿನಾರು ಪುಟದ ಪುಸ್ತಕ. ಮೊದಲ ಪುಟ ಮುಖಪುಟ, ಕೊನೆಯದು ಹಿಂಬದಿ. ನಡುವೆ ಕತೆಗೆ ಹದಿನಾಲ್ಕು ಪುಟ.

ಜೆರಾಕ್ಸ್ ಮಾಡಿಸುವಾಗ ಯಾವ ಪುಟದ ಪಕ್ಕ ಯಾವುದು ಬರಬೇಕು ಅನ್ನುವುದೇ ಎಲ್ಲರಿಗೂ ಗೊಂದಲ. ಒಂದು ಸುಲಭದ ಲೆಕ್ಕ ಇದೆ. ಹದಿನಾರು ಪುಟದ ಪುಸ್ತಕದಲ್ಲಿ ಹಾಳೆಯ ಒಂದು ಬದಿಯಲ್ಲಿ ಅಕ್ಕಪಕ್ಕ ಇರುವ ಎರಡು ಪುಟಗಳ ಸಂಖ್ಯೆ ಕೂಡಿದರೆ ಯಾವಾಗಲೂ 17 ಬರಬೇಕು. 16 ಮತ್ತು 1 ಒಂದು ಬದಿ, ಅದರ ಹಿಂದೆ 2 ಮತ್ತು 15. ಮುಂದಿನ ಹಾಳೆಯಲ್ಲಿ 14 ಮತ್ತು 3, ಹಿಂದೆ 4 ಮತ್ತು 13. ಹೀಗೇ ನಡುವಿನ 8, 9ರವರೆಗೆ. ನಂಬಿಕೆ ಬರದಿದ್ದರೆ ಖಾಲಿ ಹಾಳೆ ಮಡಿಸಿ, ಪುಟ ಸಂಖ್ಯೆ ಬರೆದು, ಬಿಚ್ಚಿ ನೋಡಿ. ಆ ಖಾಲಿ ಮಾದರಿಯನ್ನೇ ಜೆರಾಕ್ಸ್ ಅಂಗಡಿಯವರ ಕೈಗೆ ಕೊಟ್ಟರೆ ಅವರಿಗೂ ಅರ್ಥವಾಗುತ್ತದೆ.

ಅಕ್ಷರ ಕೈಯಲ್ಲೇ ದುಂಡಗೆ ಬರೆದರೂ ಆಗುತ್ತದೆ. ಕಂಪ್ಯೂಟರ್‌ನಲ್ಲಾದರೆ ಅಕ್ಷರದ ಗಾತ್ರ 24ರ ಆಸುಪಾಸು ಇರಲಿ, ಸಾಲಿನ ನಡುವೆ ಒತ್ತಕ್ಷರ ಉಸಿರಾಡುವಷ್ಟು ಜಾಗ ಬಿಡಿ.

ಸಾಮಾನ್ಯ ಸ್ಟೇಪ್ಲರ್ ಪುಸ್ತಕದ ನಡುವಿಗೆ ಎಟುಕುವುದಿಲ್ಲ. ದಬ್ಬಣದಿಂದ ಮಡಿಕೆಯ ಮೇಲೆ ಮೂರು ತೂತು ಮಾಡಿ, ಮೇಲೆ, ನಡುವೆ, ಕೆಳಗೆ. ದಪ್ಪ ದಾರವನ್ನು ಒಳಗಿನಿಂದ ನಡು ತೂತಿನ ಮೂಲಕ ಹೊರಗೆ ತೆಗೆಯಿರಿ. ಹೊರಗಿನಿಂದ ಮೇಲಿನ ತೂತಿಗೆ ಹಾಕಿ ಒಳಗೆ ತನ್ನಿ. ನಡು ತೂತನ್ನು ಬಿಟ್ಟು ನೇರ ಕೆಳಗಿನ ತೂತಿನಿಂದ ಹೊರಗೆ ತೆಗೆಯಿರಿ. ಮತ್ತೆ ನಡು ತೂತಿನಿಂದ ಒಳಗೆ ತಂದು, ಒಳಗಿರುವ ಉದ್ದ ದಾರವನ್ನು ತಬ್ಬುವಂತೆ ಗಂಟು ಹಾಕಿ. ಹೀಗೆ ಹೊಲಿದ ಪುಸ್ತಕ ಮಕ್ಕಳ ಕೈಯಲ್ಲಿ ಎಷ್ಟು ತಿರುಗಿದರೂ ಹಾಳೆ ಕಳಚುವುದಿಲ್ಲ. ನಾಲ್ಕನೇ, ಐದನೇ ತರಗತಿಯವರು ಈ ಹೊಲಿಗೆಯನ್ನು ಬೇಗ ಕಲಿಯುತ್ತಾರೆ. ದಬ್ಬಣದ ಕೆಲಸ ಮಾತ್ರ ದೊಡ್ಡವರದ್ದು.

ಮುಖಪುಟದಲ್ಲಿ ಕತೆ ಹೇಳಿದವರ ಹೆಸರು ದೊಡ್ಡದಾಗಿ, ಅವರು ಒಪ್ಪಿದ ರೀತಿಯಲ್ಲಿ. ಚಿತ್ರ ಬರೆದ ಮಕ್ಕಳ ಹೆಸರು ಒಳಗೆ. ಬರೆದುಕೊಂಡ ನಿಮ್ಮ ಹೆಸರು ಕೊನೆಯಲ್ಲಿ ಚಿಕ್ಕದಾಗಿದ್ದರೆ ಸಾಕು. ಮೊದಲ ಪ್ರತಿ ಕತೆ ಹೇಳಿದವರ ಮನೆಗೆ ಹೋಗಬೇಕು.

ಓದಿಸುವುದು

ಪುಸ್ತಕ ಕೈಗೆ ಬಂದ ಕೂಡಲೇ ‘ಓದು’ ಅನ್ನಬೇಡಿ. ಮೊದಲ ದಿನ ಅಜ್ಜಿಯೋ ತಾತನೋ ಬಂದು ಬಾಯಲ್ಲೇ ಕತೆ ಹೇಳಲಿ. ಮರುದಿನ ನೀವು ಪುಸ್ತಕ ಹಿಡಿದು, ಪ್ರತಿ ಪದದ ಕೆಳಗೆ ಬೆರಳು ಸರಿಸುತ್ತಾ ಗಟ್ಟಿಯಾಗಿ ಓದಿ. ಆಮೇಲೆ ನೀವು ಒಂದು ಸಾಲು, ಮಕ್ಕಳು ಅದೇ ಸಾಲು. ಇಷ್ಟರಲ್ಲಿ ಎಷ್ಟೋ ಮಕ್ಕಳಿಗೆ ಪುಸ್ತಕ ಬಾಯಿಪಾಠ ಆಗಿರುತ್ತದೆ. ‘ಓದ್ತಿಲ್ಲ, ಬಾಯಿಪಾಠ ಹೇಳ್ತಿದಾನೆ’ ಅಂತ ಬೇಸರ ಬೇಡ. ಬಾಯಿಪಾಠವಾದ ಸಾಲಿನಲ್ಲೇ ಅಕ್ಷರ ಹುಡುಕುವುದು ಸುಲಭ.

ಅದಕ್ಕೆ ಹೀಗೆ ಮಾಡಿ. ‘ನಿನ್ನ ಹಲ್ಲು ಕಾಣ್ತಾ ಐತೆ’ ಅನ್ನುವ ಸಾಲನ್ನು ರಟ್ಟಿನ ಪಟ್ಟಿಯ ಮೇಲೆ ದೊಡ್ಡದಾಗಿ ಬರೆಯಿರಿ. ಮಕ್ಕಳ ಮುಂದೆಯೇ ಕತ್ತರಿಯಿಂದ ನಾಲ್ಕು ಪದ ಮಾಡಿ ನೆಲದ ಮೇಲೆ ಕಲಸಿ. ಮಕ್ಕಳು ಮತ್ತೆ ಜೋಡಿಸಬೇಕು. ‘ಹಲ್ಲು’ ಯಾವುದು ಅಂತ ಅಕ್ಷರ ಬಾರದ ಮಗುವೂ ಸಾಲಿನ ಜಾಗ ನೋಡಿ ಹೇಳುತ್ತದೆ. ಆಮೇಲೆ ‘ಹಲ್ಲು’ ತೆಗೆದು ಆ ಜಾಗದಲ್ಲಿ ‘ಬಾಲ’ ಅಂತ ಬರೆದ ಚೂರು ಇಡಿ. ‘ನಿನ್ನ ಬಾಲ ಕಾಣ್ತಾ ಐತೆ’ ಅಂತ ಓದಿ ನಗುತ್ತಾರೆ. ಅದು ಬಾಯಿಪಾಠವಲ್ಲ, ಓದು. ಇನ್ನು ಕಿವಿ, ಮೂಗು, ಕಾಲು, ಬಾಯಿ ಅಂತ ಅವರೇ ಹೊಸ ಚೂರು ಕೇಳುತ್ತಾರೆ. ಒಂದೊಂದು ಚೂರನ್ನೂ ಅವರ ಕೈಯಲ್ಲೇ ಬರೆಸಿ.

ಒಂದರಿಂದ ಮೂರನೇ ತರಗತಿಯವರೆಗೆ ನಮ್ಮ ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು. ಅದರಲ್ಲಿ ಅಕ್ಷರ ಅ, ಆ, ಇ ಅಂತ ಬರುವುದಿಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ. ಈ ಐದೇ ಅಕ್ಷರದಲ್ಲಿ ಅರಸ, ಅಗಸ, ಸರ, ಗರಗಸ ಆಗುತ್ತವೆ. ಅರಸನೂ ಅಗಸನೂ ಇಲ್ಲದ ಅಜ್ಜಿ ಕತೆ ಇದೆಯಾ? ಹಾಗಾಗಿ ಒಂದನೇ ತರಗತಿಯ ಮೊದಲ ತಿಂಗಳಿಗೇ ಒಂದು ಪುಸ್ತಕ ಮಾಡಬಹುದು. ಕತೆಯನ್ನು ಬಾಯಲ್ಲಿ ಹೇಳಿ, ಚಿತ್ರದ ಕೆಳಗೆ ಒಂದೇ ಪದ ಬರೆಯಿರಿ: ಅರಸ. ಮುಂದಿನ ಪುಟ: ಅಗಸ. ಅದರ ಮುಂದಿನದು: ಸರ. ಅಗಸ ಕಳೆದುಹೋದ ಸರವನ್ನು ಅರಸನಿಗೆ ಹುಡುಕಿಕೊಡುವ ಕತೆಯನ್ನು ಮಗು ಚಿತ್ರ ನೋಡಿ ಹೇಳುತ್ತದೆ, ಪದವನ್ನು ಅಕ್ಷರ ನೋಡಿ ಓದುತ್ತದೆ. ಯಾವ ಅಕ್ಷರದ ಗುಂಪು ನಡೆಯುತ್ತಿದೆ ಅಂತ ಶಿಕ್ಷಕರನ್ನು ಕೇಳಿಕೊಂಡು ಮುಂದಿನ ಪುಸ್ತಕ ಮಾಡಿ. ಹೀಗಾದರೆ ನಿಮ್ಮ ಕೆಲಸ ಅವರಿಗೂ ಹೊರೆ ಅನ್ನಿಸುವುದಿಲ್ಲ. ತಿಂಗಳಿಗೊಮ್ಮೆ ಬರುವ ಬ್ಯಾಗ್ ಇಲ್ಲದ ಶನಿವಾರ ಕತೆಗೆ ಒಳ್ಳೆಯ ದಿನ.

ಶಾಲೆಯ ಕನ್ನಡಕ್ಕೆ ದಾಟಿಸುವುದು

ಶಾಲೆಯ ಕನ್ನಡ ಮಕ್ಕಳಿಗೆ ಬೇಕೇ ಬೇಕು. ಮೇಲಿನ ಕೆಲಸವೆಲ್ಲ ಅದನ್ನು ಬಿಡಿಸಲು ಅಲ್ಲ, ಅಲ್ಲಿಗೆ ತಲುಪಿಸಲು. ಮನೆಮಾತಿನ ಪುಸ್ತಕವನ್ನು ಮಗು ಸಲೀಸಾಗಿ ಓದುವಂತಾದ ಮೇಲೆ ಅದೇ ಚಿತ್ರ, ಅದೇ ಪುಟ ಇಟ್ಟು ಇನ್ನೊಂದು ಪುಸ್ತಕ ಮಾಡಿ, ಶಾಲೆಯ ಕನ್ನಡದಲ್ಲಿ. ಎರಡು ಮಾತನ್ನೂ ಒಂದೇ ಪುಟದಲ್ಲಿ ಹಾಕುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಓದಿಸುವವರು ತಮಗೆ ಬರುವ ಸಾಲನ್ನಷ್ಟೇ ಓದಿಸಿ, ಇನ್ನೊಂದನ್ನು ಬಿಟ್ಟುಬಿಡುತ್ತಾರೆ. ಎರಡು ಬೇರೆ ಪುಸ್ತಕ ಇದ್ದರೆ ಮಗು ಅಕ್ಕಪಕ್ಕ ಇಟ್ಟುಕೊಂಡು, ‘ಇಲ್ಲಿ ಹಿಂಗಿದೆ, ಅಲ್ಲಿ ಹಂಗಿದೆ’ ಅಂತ ತಾನೇ ಹೋಲಿಸುತ್ತದೆ. ಕನ್ನಡದ ಸಾಲುಗಳನ್ನು ನಾಲ್ಕನೇ, ಐದನೇ ತರಗತಿಯ ಎರಡೂ ಮಾತು ಬಲ್ಲ ಮಕ್ಕಳಿಂದ ಬರೆಸಿ. ನೀವು ಮಾಡಿದ ಅನುವಾದಕ್ಕಿಂತ ಅದು ಚಿಕ್ಕವರಿಗೆ ಬೇಗ ಹತ್ತುತ್ತದೆ.

ಶಾಲೆಗೆ ಬಾರದ ದಿನಗಳು

ಕಡಲೆಕಾಯಿ ಕೀಳುವ ದಿನಗಳಲ್ಲಿ ತರಗತಿ ಅರ್ಧ ಖಾಲಿ. ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮನ ಜೊತೆ ಮಕ್ಕಳೂ ಬೆಂಗಳೂರಿನ ಕಟ್ಟಡದ ಕೆಲಸದ ಜಾಗಕ್ಕೆ ಹೋಗುತ್ತಾರೆ. ಹೊರಡುವ ಮಗುವಿನ ಬ್ಯಾಗಿಗೆ ಎರಡು ಪುಸ್ತಕ ಹಾಕಿ ಕಳಿಸಿ, ವಾಪಸ್ ಬಂತಾ ಅಂತ ಲೆಕ್ಕ ಕೇಳಬೇಡಿ. ಕಳೆದರೆ ಇನ್ನೊಂದು ಪ್ರತಿ ಜೆರಾಕ್ಸ್ ಆಗುತ್ತದೆ. ಕತೆಯ ರೆಕಾರ್ಡಿಂಗನ್ನು ಮನೆಯವರ ಫೋನಿಗೆ ಹಾಕಿಕೊಡಿ. ಅಲ್ಲಿ ಶೆಡ್ಡಿನಲ್ಲಿ ಕೂತು ಅಜ್ಜಿಯ ದನಿ ಕೇಳುತ್ತಾ ಪುಟ ತಿರುಗಿಸಬಹುದು.

ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹುಡುಗಿಯರನ್ನು, ಬಾಣಂತಿಯರನ್ನು ಹೊರಗಿಡುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಅದು ಹೋಗಲೇಬೇಕು. ಹೋಗುವವರೆಗೆ ಆ ದಿನಗಳಲ್ಲಿ ಅವರ ಕೈಗೆ ಪುಸ್ತಕ ತಲುಪುವಂತೆ ನೋಡಿಕೊಳ್ಳಿ. ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ ಈ ವಿಷಯದಲ್ಲಿ ನಿಮ್ಮ ಜೊತೆ ನಿಲ್ಲುತ್ತಾರೆ.

ಶಾಲೆ ಬಿಟ್ಟರೆ ಪುಸ್ತಕ ಇರಬೇಕಾದ ಇನ್ನೊಂದು ಜಾಗ ಗ್ರಾಮ ಪಂಚಾಯ್ತಿ ಗ್ರಂಥಾಲಯ, ಈಗಿನ ಅರಿವು ಕೇಂದ್ರ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ. ತೊಂದರೆ ಏನೆಂದರೆ ಗ್ರಂಥಾಲಯ ಪಂಚಾಯ್ತಿ ಕೇಂದ್ರದ ಊರಿನಲ್ಲಿರುತ್ತದೆ, ಹಟ್ಟಿ ಅಲ್ಲಿಂದ ಮೂರು ನಾಲ್ಕು ಕಿಲೋಮೀಟರ್. ಒಂದು ಗಟ್ಟಿ ಚೀಲದಲ್ಲಿ ಇಪ್ಪತ್ತು ಪುಸ್ತಕ ಹಾಕಿ, ಹಟ್ಟಿಯ ಒಂದು ಮನೆಯಲ್ಲಿ ಇಡಿಸಿ. ತಿಂಗಳಿಗೊಮ್ಮೆ ಚೀಲ ಬದಲಾಯಿಸಿಕೊಡಲು ಗ್ರಂಥಾಲಯದವರನ್ನು ಕೇಳಿಕೊಳ್ಳಿ. ನಿಮ್ಮ ಹೊಲಿದ ಪುಸ್ತಕಗಳೂ ಅದೇ ಚೀಲದಲ್ಲಿ ಅಚ್ಚಾದ ಪುಸ್ತಕಗಳ ಜೊತೆಗೇ ಇರಲಿ.

ಇಂಟರ್ನೆಟ್‌ಗೆ ಹಾಕುವ ಮುಂಚೆ

ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಇಳಿಸಿಕೊಂಡು ಪ್ರಿಂಟ್ ಹಾಕಬಹುದು. ನಿಮ್ಮ ಪುಸ್ತಕವನ್ನೂ ಅಲ್ಲಿ ಸೇರಿಸಬಹುದು. ಆದರೆ ಅಲ್ಲಿಗೆ ಹಾಕಿದ ಕತೆಯನ್ನು ಹೆಸರು ಹೇಳಿ ಯಾರು ಬೇಕಾದರೂ ಅಚ್ಚು ಹಾಕಬಹುದು, ಬದಲಾಯಿಸಬಹುದು, ಮಾರಬಹುದು. ಅಲ್ಲಿನ ಮುಕ್ತ ಪರವಾನಗಿಯ ಅರ್ಥ ಅದು. ಇದನ್ನು ಕತೆ ಹೇಳಿದವರಿಗೆ ಅವರ ಮಾತಿನಲ್ಲಿ ಬಿಡಿಸಿ ಹೇಳಿ. ‘ನಮ್ಮ ಹಟ್ಟೀಲೇ ಇರ್ಲಿ’ ಅಂದರೆ ಹಟ್ಟಿಯಲ್ಲೇ ಇರಲಿ. ಮಕ್ಕಳ ಫೋಟೋ, ಊರಿನ ಹೆಸರಿನ ಜೊತೆ ಮಕ್ಕಳ ಪೂರ್ತಿ ಹೆಸರು ಹಾಕುವುದೇ ಬೇಡ.

ರೆಕಾರ್ಡಿಂಗ್‌ಗಳನ್ನು ಫೋನಿನಲ್ಲೊಂದೇ ಇಡಬೇಡಿ, ಫೋನ್ ಒಡೆದರೆ ಕತೆಯೂ ಹೋಗುತ್ತದೆ. ಫೈಲಿಗೆ ತಾರೀಕು, ಹಟ್ಟಿಯ ಹೆಸರು, ಕತೆ ಹೇಳಿದವರ ಹೆಸರು ಕೊಡಿ. ಒಂದು ಪ್ರತಿ ಶಾಲೆಯ ಕಂಪ್ಯೂಟರ್‌ನಲ್ಲಿ, ಒಂದು ಅರಿವು ಕೇಂದ್ರದಲ್ಲಿ, ಒಂದು ಮೆಮೊರಿ ಕಾರ್ಡ್‌ನಲ್ಲಿ ಆ ಮನೆಯವರ ಹತ್ತಿರ ಇರಲಿ. ಪುಸ್ತಕದ ಮೂಲ ಹಾಳೆಗಳನ್ನು ಮಡಿಸದೆ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಶಾಲೆಯ ಬೀರುವಿನಲ್ಲಿಡಿ. ಮುಂದಿನ ಜೂನ್‌ನಲ್ಲಿ ಒಂದನೇ ತರಗತಿಗೆ ಹೊಸ ಮಕ್ಕಳು ಬಂದಾಗ ಅದರಿಂದಲೇ ಹೊಸ ಪ್ರತಿ ತೆಗೆಯಬೇಕಲ್ಲ.